ಮುಸುಕಿನವರ ಖಾತೆಪುಸ್ತಕ

ಮಾನ್ಯ ಹಿರಿಯರೇ, ಇತಿಹಾಸದ ವಿದ್ಯಾರ್ಥಿ ಮಿತ್ರರೇ,

ಗುಪ್ತವಾಗಿರಬೇಕೆಂದು ಹೊರಟ ಸಂಘವೊಂದು ದಾಖಲೆಗಳನ್ನು ಏಕೆ ಇಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಯಿಂದ ಈ ಮಾತನ್ನು ಆರಂಭಿಸುತ್ತೇನೆ. ಮುಖಕ್ಕೆ ಮುಸುಕು ಹಾಕಿಕೊಂಡು, ನೆರೆಯವರಿಗೂ ತಾವು ಯಾರೆಂದು ತಿಳಿಯದಂತೆ ಎಚ್ಚರ ವಹಿಸಿದವರು ತಮ್ಮ ಹೆಸರು, ಮನೆಯ ವಿಳಾಸ, ಕೆಲಸದ ಸ್ಥಳಗಳನ್ನು ಶಾಯಿಯಲ್ಲಿ ಬರೆದಿಟ್ಟರು ಎಂದರೆ ನಂಬುವುದು ಕಷ್ಟ. ಆದರೆ ಬಿಳಿಯರ ಶ್ರೇಷ್ಠತೆಯನ್ನೇ ಮತವಾಗಿಸಿಕೊಂಡ ಅಮೆರಿಕದ ಕು ಕ್ಲಕ್ಸ್ ಕ್ಲಾನ್ ಅಂಥ ಪುಸ್ತಕಗಳನ್ನು ಬಿಟ್ಟುಹೋಗಿದೆ. ಅವನ್ನು ಹೇಗೆ ಓದಬೇಕು, ಅವು ಏನನ್ನು ಹೇಳುವುದಿಲ್ಲ ಎಂಬುದೇ ನನ್ನ ವಿಷಯ.

ಕ್ಲಾನ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಲದ ಸಂಘಗಳಿದ್ದವು ಎಂಬುದನ್ನು ಮೊದಲು ಗಮನಿಸಬೇಕು. ಮೊದಲನೆಯದು, ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ ಮುಗಿದ ಬೆನ್ನಿಗೇ ಟೆನೆಸ್ಸೀ ರಾಜ್ಯದ ಪುಲಾಸ್ಕಿ ಎಂಬ ಊರಿನಲ್ಲಿ, ಸೋತ ದಕ್ಷಿಣ ಸೇನೆಯ ಆರು ಮಂದಿ ಮಾಜಿ ಸೈನಿಕರಿಂದ ಹುಟ್ಟಿಕೊಂಡಿತು. ಈ ಸಂಘ ತನ್ನದೇ ಬರಹವನ್ನು ಉಳಿಸಿದ್ದು ಬಹಳ ಕಡಿಮೆ. 1867ರಲ್ಲಿ ಅಚ್ಚಾದ ಅದರ ನಿಯಮಾವಳಿಯಲ್ಲಿ ಸಂಘದ ಹೆಸರೇ ಇಲ್ಲ. ಹೆಸರು ಬರಬೇಕಾದ ಕಡೆಯಲ್ಲೆಲ್ಲ ನಕ್ಷತ್ರದ ಚಿಹ್ನೆಗಳಿವೆ. ಹಾಗಾದರೆ ಅದರ ಕೃತ್ಯಗಳು ನಮಗೆ ತಿಳಿದದ್ದು ಹೇಗೆ? ಏಟು ತಿಂದವರ ಬಾಯಿಂದ. 1871ರಲ್ಲಿ ಅಮೆರಿಕದ ಸಂಸತ್ತು ಎರಡೂ ಸದನಗಳ ಜಂಟಿ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿ ದಕ್ಷಿಣದ ರಾಜ್ಯಗಳಿಗೆ ಹೋಗಿ ಸಾಕ್ಷಿಗಳ ಹೇಳಿಕೆಗಳನ್ನು ಬರೆಸಿಕೊಂಡಿತು. 1872ರಲ್ಲಿ ಪ್ರಕಟವಾದ ಅದರ ವರದಿ 13 ಸಂಪುಟಗಳಷ್ಟಿದೆ.

ಆ ಸಂಪುಟಗಳಲ್ಲಿ ಏಬ್ರಮ್ ಕೋಲ್ಬಿ ಎಂಬವರ ಹೇಳಿಕೆಯಿದೆ. ಅವರು ಗುಲಾಮಗಿರಿಯಿಂದ ಬಿಡುಗಡೆ ಹೊಂದಿ, ಜಾರ್ಜಿಯಾ ರಾಜ್ಯದ ಗ್ರೀನ್ ಕೌಂಟಿಯಿಂದ ಶಾಸಕರಾಗಿ ಆಯ್ಕೆಯಾದವರು. ಹಣದ ಆಮಿಷಕ್ಕೆ ಬಗ್ಗದಿದ್ದಾಗ, 1869ರ ಅಕ್ಟೋಬರ್ 29ರ ರಾತ್ರಿ ಕ್ಲಾನಿನವರು ಬಾಗಿಲು ಮುರಿದು, ಮಲಗಿದ್ದ ಕೋಲ್ಬಿಯವರನ್ನು ಎಳೆದುಕೊಂಡು ಕಾಡಿಗೆ ಹೋಗಿ ಮೂರು ತಾಸಿಗೂ ಹೆಚ್ಚು ಹೊತ್ತು ಹೊಡೆದು, ಸತ್ತರೆಂದುಕೊಂಡು ಬಿಟ್ಟುಹೋದರು. ಇನ್ನು ಮುಂದೆ ರ‍್ಯಾಡಿಕಲ್ ಪಕ್ಷಕ್ಕೆ (ಕಪ್ಪು ಜನರ ಹಕ್ಕುಗಳ ಪರ ನಿಂತ ರಿಪಬ್ಲಿಕನ್ನರಿಗೆ) ಮತ ಹಾಕುತ್ತೀಯಾ ಎಂದು ಹೊಡೆತದ ನಡುವೆ ಕೇಳಿದಾಗ, ನಾಳೆಯೇ ಚುನಾವಣೆ ಬಂದರೂ ಅದಕ್ಕೇ ಹಾಕುತ್ತೇನೆ ಎಂದು ಅವರು ಉತ್ತರಿಸಿದರಂತೆ; ಹೊಡೆತ ಮತ್ತೆ ಶುರುವಾಯಿತು. ಅಪ್ಪನನ್ನು ಒಯ್ಯಬೇಡಿರೆಂದು ಬೇಡಿಕೊಂಡ ಪುಟ್ಟ ಮಗಳ ಕಡೆಗೆ ಕ್ಲಾನಿನವರು ಬಂದೂಕು ಎತ್ತಿದರು. ಆ ಭಯದಿಂದ ಅವಳು ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ ಎಂದು ಕೋಲ್ಬಿ ಸಮಿತಿಗೆ ಹೇಳಿದರು. ಈ ಪುಟವನ್ನು ನಾನು ಎಷ್ಟು ಬಾರಿ ಓದಿದರೂ ಅಲ್ಲಿಂದ ಮುಂದಕ್ಕೆ ಹೋಗುವುದು ಸುಲಭವಾಗಿಲ್ಲ.

ಹೊಡೆದವರು ಯಾರು ಎಂಬ ಪ್ರಶ್ನೆಗೆ ಕೋಲ್ಬಿ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಳ್ಳಿ. ಅವರಲ್ಲಿ ಕೆಲವರು ಊರಿನ ದೊಡ್ಡ ಮನುಷ್ಯರೇ, ಒಬ್ಬ ವಕೀಲ, ಒಬ್ಬ ವೈದ್ಯ, ಇನ್ನು ಕೆಲವರು ಬೇಸಾಯಗಾರರು ಎಂದರು ಅವರು. ಮುಸುಕಿನ ಹಿಂದಿದ್ದವರು ಊರಿನ ಪುಂಡರಷ್ಟೇ ಅಲ್ಲ ಎಂದು ಅವರ ಮಾತು ಹೇಳುತ್ತದೆ.

ಎರಡನೆಯ ಕ್ಲಾನ್ 1915ರಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ವಿಲಿಯಂ ಸಿಮನ್ಸ್ ಎಂಬಾತನ ನೇತೃತ್ವದಲ್ಲಿ ಆರಂಭವಾಯಿತು. ಕಪ್ಪು ಜನರ ಜೊತೆಗೆ ಕ್ಯಾಥೊಲಿಕರು, ಯಹೂದಿಗಳು, ವಲಸಿಗರು ಇದರ ದ್ವೇಷಕ್ಕೆ ಗುರಿಯಾದರು. ಈ ಸಂಘ ದ್ವೇಷವನ್ನು ವ್ಯಾಪಾರದಂತೆ ನಡೆಸಿತು. ಸೇರುವವನು 10 ಡಾಲರ್ ಶುಲ್ಕ ಕೊಡಬೇಕಿತ್ತು. ಅವನನ್ನು ಸೇರಿಸಿದ ದಲ್ಲಾಳಿಗೆ ಅದರಲ್ಲಿ 4 ಡಾಲರ್ ಸಲ್ಲುತ್ತಿತ್ತು. ತಮ್ಮ ರಹಸ್ಯ ವಿಧಿಗಳ ಕೈಪಿಡಿಗೆ ಇವರು ಕಾಪಿರೈಟ್ ಕೂಡ ಪಡೆದಿದ್ದರು. ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ಹಣ ಬರುವ ಕಡೆ ಲೆಕ್ಕ ಇರಲೇಬೇಕು, ಲೆಕ್ಕವಿದ್ದ ಕಡೆ ಹೆಸರೂ ಇರಲೇಬೇಕು.

ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಉಳಿದಿರುವ ಎರಡು ದಪ್ಪ ಲೆಡ್ಜರುಗಳು ಇಂಥ ಲೆಕ್ಕದ ಅತ್ಯಂತ ಸ್ಪಷ್ಟ ಉದಾಹರಣೆ. 1920ರ ದಶಕದ ನಡುಭಾಗದ ಈ ಪುಸ್ತಕಗಳಲ್ಲಿ ಸುಮಾರು 30,000 ನಮೂದುಗಳಿವೆ. 1940ರ ದಶಕದಲ್ಲಿ ರಾಜ್ಯದ ಇತಿಹಾಸ ಸಂಸ್ಥೆಯ ಸಂಗ್ರಹ ಸೇರಿದ ಇವು ಬಹುಕಾಲ ನಿರ್ಬಂಧದಲ್ಲಿದ್ದವು. 2021ರಲ್ಲಿ ಸಂಸ್ಥೆ ಪ್ರತಿ ಪುಟವನ್ನೂ ಡಿಜಿಟಲ್ ರೂಪಕ್ಕೆ ತಂದು, ಯಾವ ಹೆಸರನ್ನೂ ಮುಚ್ಚದೆ, ಎಲ್ಲರ ಕೈಗೆ ಸಿಗುವಂತೆ ಮಾಡಿತು.

ಪುಟ ತಿರುವುತ್ತ ಹೋದರೆ ಒಂದು ನಗರವೇ ತೆರೆದುಕೊಳ್ಳುತ್ತದೆ. ಮೇಯರ್ ಬೆಂಜಮಿನ್ ಸ್ಟೇಪಲ್ಟನ್ ಕ್ಲಾನಿನ ಸದಸ್ಯರಾಗಿದ್ದರು. ಕ್ಲಾನಿನವನೇ ಆದ ವಿಲಿಯಂ ಕ್ಯಾಂಡ್ಲಿಷ್ ಎಂಬಾತನನ್ನು ಪೊಲೀಸ್ ಮುಖ್ಯಸ್ಥನನ್ನಾಗಿ ನೇಮಿಸಿದರು. 1924ರ ಚುನಾವಣೆಯಲ್ಲಿ ರಾಜ್ಯದ ಗವರ್ನರ್ ಆಗಿ ಗೆದ್ದ ಕ್ಲಾರೆನ್ಸ್ ಮಾರ್ಲಿ ಕ್ಲಾನಿನವರು. ರಾಜ್ಯದ ಕ್ಲಾನಿಗೆ ಮುಖ್ಯಸ್ಥನಾಗಿದ್ದ ಜಾನ್ ಗೇಲನ್ ಲಾಕ್ ವೃತ್ತಿಯಲ್ಲಿ ವೈದ್ಯ. ಕೋಲ್ಬಿಯವರ ಮಾತು ಇಲ್ಲಿ ನೆನಪಾಗದೆ ಇರುವುದಿಲ್ಲ. ಕಾಲ ಬೇರೆ, ರಾಜ್ಯ ಬೇರೆ, ಸಂಘವೂ ಬೇರೆ ಎಂಬುದನ್ನು ಒಪ್ಪುತ್ತೇನೆ. ಒಂದಕ್ಕೆ ಇನ್ನೊಂದು ನೇರ ರುಜುವಾತಾಗುವುದಿಲ್ಲ. ಆದರೆ ಅಂದು ಸಂತ್ರಸ್ತನೊಬ್ಬ ಹೇಳಿದ್ದನ್ನು ಅರ್ಧ ಶತಮಾನದ ನಂತರದ ಕ್ಲಾನ್ ತನ್ನ ವಿಷಯದಲ್ಲಿ ತಾನೇ ಬರೆದಿಟ್ಟಿತು.

ಹೆಸರುಗಳನ್ನು ಮುಚ್ಚಬೇಕಿತ್ತಲ್ಲವೇ, ಮೊಮ್ಮಕ್ಕಳಿಗೆ ನೋವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನೋವಾಗುತ್ತದೆ, ನಿಜ. ಆದರೂ ತೆರೆದದ್ದೇ ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ. ಹೆಸರು ತಿಳಿಯದೆ ಹೋದುದರಿಂದಲೇ ಈ ಜನ ಗೌರವಸ್ಥರಾಗಿ ಉಳಿದರು. ಡೆನ್ವರಿನ ವಿಮಾನ ನಿಲ್ದಾಣಕ್ಕೆ ಸ್ಟೇಪಲ್ಟನ್ ಹೆಸರಿತ್ತು. ನಿಲ್ದಾಣ ಮುಚ್ಚಿದ ಮೇಲೆ ಅದೇ ನೆಲದಲ್ಲಿ ಎದ್ದ ಬಡಾವಣೆಗೂ ಅದೇ ಹೆಸರು ಬಂತು. 2020ರಲ್ಲಿ ಮಾತ್ರ ಅದನ್ನು ಸೆಂಟ್ರಲ್ ಪಾರ್ಕ್ ಎಂದು ಬದಲಿಸಲಾಯಿತು.

ಆದರೆ ಲೆಡ್ಜರಿನ ಮಿತಿಯನ್ನು ಮರೆಯಬಾರದು. ಅದರಲ್ಲಿ ಹೆಸರಿದೆ, ಕೃತ್ಯವಿಲ್ಲ. ಒಬ್ಬ ದ್ವೇಷದಿಂದ ಸೇರಿದನೋ, ವ್ಯಾಪಾರ ಕುದುರಲೆಂದು ಸೇರಿದನೋ, ಒಂದೇ ಸಭೆಗೆ ಹೋಗಿ ಬಿಟ್ಟನೋ, ಜನರನ್ನು ಬೆದರಿಸಲು ಕ್ಲಾನ್ ಶಿಲುಬೆ ಸುಡುವ ಕಡೆ ನಿಂತಿದ್ದನೋ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಸುಮಾರು 30,000 ನಮೂದುಗಳ ಆ ಪುಸ್ತಕಗಳಲ್ಲಿ ಬೆದರಿಕೆಗೆ ಒಳಗಾದ ಕಪ್ಪು ಮನೆಯವರ, ಅಂಗಡಿ ಬಹಿಷ್ಕಾರ ಅನುಭವಿಸಿದ ಯಹೂದಿಗಳ, ಕೆಲಸ ಕಳೆದುಕೊಂಡ ಕ್ಯಾಥೊಲಿಕರ ಒಂದು ಹೆಸರೂ ಇಲ್ಲ. ಲೆಡ್ಜರನ್ನು ಮಾತ್ರ ಓದಿದವನಿಗೆ ಕ್ಲಾನ್ ಚಂದಾ ಎತ್ತುವ ಕ್ಲಬ್ಬಿನಂತೆ ಕಂಡೀತು.

ಸಂಸತ್ ಸಮಿತಿಯ ವರದಿ, ಡೆನ್ವರಿನ ಲೆಡ್ಜರು, ಈ ಎರಡೂ ದಾಖಲೆಗಳು ಇಂದು ಅಂತರ್ಜಾಲದಲ್ಲಿವೆ. ಇಲ್ಲಿ ಕುಳಿತೇ ನೀವು ಅವನ್ನು ತೆರೆಯಬಹುದು. ನನ್ನದೊಂದು ಕೋರಿಕೆ: ಡೆನ್ವರಿನ ಪುಸ್ತಕಕ್ಕೆ ಹೋಗುವ ಮೊದಲು ಆ ವರದಿಯಲ್ಲಿ ಜಾರ್ಜಿಯಾದ ಸಂಪುಟವನ್ನು ತೆಗೆಯಿರಿ, ಕೋಲ್ಬಿಯವರ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿರಿ. ಆಮೇಲೆ ಲೆಡ್ಜರಿನಲ್ಲಿ ಕೆಲಸದ ಸ್ಥಳ ಬರೆದಿರುವ ಅಂಕಣದ ಮೇಲೆ ಕಣ್ಣಾಡಿಸಿರಿ.