ಡಾಕ್ಟರೋ, ಡೋಕ್ಟರೋ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಒಂದು ಜಗಳ ಮುಗಿಯುವುದೇ ಇಲ್ಲ. ಗಡಿಯದ್ದಲ್ಲ, ಇಂಗ್ಲಿಷಿನದ್ದು. ಕನ್ನಡದವರು ನಾವು ಡಾಕ್ಟರ್, ಕಾಲೇಜು, ಆಫೀಸು ಅನ್ನುತ್ತೇವೆ. ಮಲಯಾಳದವರು ಡೋಕ್ಟರ್, ಕೋಳೇಜ್, ಓಫೀಸ್ ಅನ್ನುತ್ತಾರೆ. ಅವರ ಮಾತಿಗೆ ನಾವು ನಗುವುದು, ನಮ್ಮ ಮಾತಿಗೆ ಅವರು ನಗುವುದು. ಮದುವೆಗೆ ಒಳ್ಳೆಯ 'ಹಾಳ್' ಸಿಕ್ಕಿತು ಅಂತ ಅವರು ಖುಷಿಯಿಂದ ಹೇಳಿದರೆ, ಏನು ಹಾಳಾಯಿತಪ್ಪಾ ಅಂತ ನಮ್ಮ ಅಜ್ಜಿಯಂದಿರಿಗೆ ಗಾಬರಿ. ಹಾಗಂತ ನಮ್ಮದೇನು ಕಡಿಮೆ ಇಲ್ಲ. ಜೆರಾಕ್ಸ್ ಅಂಗಡಿಯಲ್ಲೂ ಕಾಪಿ ಕೇಳುತ್ತೇವೆ, ಹೋಟೆಲಿನಲ್ಲೂ ಕಾಪಿ ಕೇಳುತ್ತೇವೆ. ಮಲಯಾಳದಲ್ಲಿ ಮೊದಲನೆಯದು ಕೋಪ್ಪಿ, ಕುಡಿಯುವುದು ಕಾಪ್ಪಿ. ಅವರಿಗೆ ಗೊಂದಲವೇ ಇಲ್ಲ.

ನಡುವೆ ಸಿಕ್ಕಿಬೀಳುವವರು ಮಕ್ಕಳು. ಮನೆಯಲ್ಲಿ ಕಾಲೇಜು, ಶಾಲೆಯಲ್ಲಿ ಟೀಚರ ಬಾಯಲ್ಲಿ ಕೋಳೇಜ್. ಮುಂದೆ ಓದಲು ಮಂಗಳೂರಿಗೆ ಹೋದರೆ ಅಲ್ಲಿ ಮತ್ತೆ ನಗು.

ಹಾಗಾದರೆ ಸರಿ ಯಾವುದು? ಲಂಡನ್ನಿನವರು ಈ ಶಬ್ದಗಳ ಮೊದಲ ಸ್ವರವನ್ನು ತುಟಿ ದುಂಡಗೆ ಮಾಡಿ ಹೇಳುತ್ತಾರೆ. ಅಮೆರಿಕದ ಹೆಚ್ಚಿನವರು ಬಾಯಿ ಅಗಲಿಸಿ, ಹೆಚ್ಚುಕಡಿಮೆ ನಮ್ಮ 'ಆ' ಥರ ಹೇಳುತ್ತಾರೆ. ಅಂದರೆ ಮಲಯಾಳದವರು ಲಂಡನ್ ಪಕ್ಷ, ನಾವು ಅಮೆರಿಕದ ಪಕ್ಷ. ಬದಿಯಡ್ಕದಲ್ಲಿ ಕೂತುಕೊಂಡೇ ಅಮೆರಿಕನ್ನರಾದೆವು ನೋಡಿ! ಆದರೆ ಮಲಯಾಳದವರೂ ಜಾಸ್ತಿ ಹಿಗ್ಗಬೇಕಿಲ್ಲ. ಲಂಡನ್ನಿನ ಸ್ವರ ಗಿಡ್ಡ, ಇವರದ್ದು ಉದ್ದದ 'ಓ'. ನಿಜ ಹೇಳಬೇಕೆಂದರೆ ಆ ಸ್ವರಕ್ಕೆ ಕನ್ನಡದಲ್ಲೂ ಅಕ್ಷರ ಇಲ್ಲ, ಮಲಯಾಳದಲ್ಲೂ ಇಲ್ಲ. ಹಿಂದಿ, ಮರಾಠಿಯವರು ಅದಕ್ಕೆಂದೇ ಅಕ್ಷರದ ತಲೆ ಮೇಲೆ ಅರ್ಧಚಂದ್ರ ಹಾಕಿಕೊಂಡರು. ನಾವು ಕೈಗೆ ಸಿಕ್ಕಿದ 'ಆ' ತೆಗೆದುಕೊಂಡೆವು, ಮಲಯಾಳದವರು 'ಓ'.

ಸ್ಪೆಲ್ಲಿಂಗಿನ ಕತೆಯೂ ಹೀಗೇ. ಫ್ರೆಂಚ್ ಭಾಷೆಗೆ 1635ರಿಂದ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೆ ಅಂಥ ಯಜಮಾನರು ಯಾರೂ ಇಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಬರೆದ. 1828ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ ನಿಘಂಟಿನಲ್ಲಿ 'ಕಲರ್' ಶಬ್ದದ ಯು ತೆಗೆದುಹಾಕಿದ. ಇವತ್ತಿಗೂ ಎರಡೂ ನಡೆಯುತ್ತವೆ. ಇನ್ನು ಸಾಲ ಅನ್ನುವ ಅರ್ಥದ 'ಡೆಟ್' ಇದೆಯಲ್ಲ, ಅದರ ನಡುವಿನ ಬಿ ಯಾರೂ ಉಚ್ಚರಿಸಿದ್ದಲ್ಲ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಇದೆ ಅಂತ ಪಂಡಿತರು ಆಮೇಲೆ ತುರುಕಿದ್ದು. ಆ ಬಿ ಬಿಟ್ಟದ್ದಕ್ಕೆ ಎಷ್ಟು ಮಕ್ಕಳು ಪೆಟ್ಟು ತಿಂದಿರಬಹುದು!

ಹೀಗಿರುವಾಗ ಡಾಕ್ಟರಿಗೋ ಡೋಕ್ಟರಿಗೋ ಜಗಳ ಆಡುವುದು ಸುಮ್ನೆ. ನಾನು ಹಠ ಹಿಡಿಯುವುದು ಒಂದೇ ಕಡೆ, ನಮ್ಮ ಹೆಸರುಗಳ ವಿಷಯದಲ್ಲಿ. ಅದರ ಸರಿ ತಪ್ಪು ಹೇಳಬೇಕಾದವರು ನಾವು, ಬೇರೆಯವರಲ್ಲ.

ಕಾಸರಗೋಡನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆರ್ ಆದಮೇಲೆ ಒಂದು ಎ ಬೇಕು. ಅದನ್ನು ಬಿಟ್ಟರೆ ಊರು 'ಕಾಸರ್‌ಗೋಡ್' ಆಗುತ್ತದೆ. ಎರಡೂ ಥರದ ಬೋರ್ಡು ನೀವು ನೋಡಿದ್ದೀರಿ, ಅಲ್ವಾ? ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನ ನಡುವೆ ಎನ್ ಎಚ್ ಬರೆಯುವ ರೂಢಿ ಇದೆ. ಕಾಞಂಗಾಡಿಗೂ ಅದೇ ಎನ್ ಎಚ್. ಪೋರ್ಚುಗೀಸರ ಬರಹದಲ್ಲಿ ಆ ಎರಡು ಅಕ್ಷರ ಸೇರಿದರೆ 'ಞ'ಕಾರವೇ. ಗೊತ್ತಿಲ್ಲದ ದೂರದವರು 'ಕಿನ್ಹಣ್ಣ' ಅಂತ ಓದಿಬಿಡುತ್ತಾರೆ. ಅವರ ತಪ್ಪಲ್ಲ, ನಾವು ಬಾಯಿಬಿಟ್ಟು ತಿದ್ದಬೇಕು. ಹಾಗೆಯೇ ಕೋಝಿಕೋಡ್ ಅನ್ನುವ ನಮ್ಮ ಬೆಂಗಳೂರಿನ ನೆಂಟರನ್ನೂ ತಿದ್ದೋಣ. ಅಲ್ಲಿರುವ ಜೆಡ್ ಎಚ್ 'ಝ' ಅಲ್ಲ, ನಮ್ಮ ಹಳಗನ್ನಡದಲ್ಲೂ ಇದ್ದ ಱಳ, ಅಂದರೆ 'ೞ' ಅನ್ನುವ ಅಕ್ಷರ.

ನಮ್ಮ ಕಡೆ ತ ಅಕ್ಷರಕ್ಕೆ ಟಿ ಎಚ್ ಬರೆಯುತ್ತೇವೆ, ಉತ್ತರದವರು ಬರೀ ಟಿ. ಲತಾ, ಸವಿತಾ ಅನ್ನುವ ಹೆಸರಿನವರಿಗೆ ಇದರ ಕಷ್ಟ ಗೊತ್ತು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟ್ ಹೊತ್ತಿಗೆ ಅಲೆದಾಟ. ಗಲ್ಫಿಗೆ ಹೊರಟವರ ಮನೆಯಲ್ಲಿ ಕೇಳಿ ನೋಡಿ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಸರು ಬರೀ ಬಾಯಲ್ಲಿ ಹೇಳಬೇಡಿ. ಜನನ ಪ್ರಮಾಣಪತ್ರದಲ್ಲಿರುವ ಇಂಗ್ಲಿಷ್ ಸ್ಪೆಲ್ಲಿಂಗನ್ನೇ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. ಬರೆದುಕೊಂಡದ್ದನ್ನು ಸಹಿ ಹಾಕುವ ಮೊದಲು ಓದಿ. ನಮಸ್ಕಾರ.