ಹಾರ ಆಮೇಲೆ, ಮೊದಲು ಹಾಡು

ಕೇಳುಗರಿಗೆ ನಮಸ್ಕಾರ.

ಸಂಗೀತದ ಗುರುಗಳು ತೀರಿಕೊಂಡ ಮೇಲೆ ಶಿಷ್ಯರಾದವರು ಅವರಿಗಾಗಿ ಏನು ಮಾಡಬೇಕು? ಹಾಡಬೇಕು. ಅವರು ಹೇಳಿಕೊಟ್ಟ ಪಾಠಾಂತರದಲ್ಲೇ, ಅಂದರೆ ಅವರ ಧಾಟಿಯಲ್ಲೇ, ಅವರು ಹಿಡಿಯುತ್ತಿದ್ದ ಕಾಲಪ್ರಮಾಣದಲ್ಲೇ, ಅಂದರೆ ಅದೇ ವೇಗದಲ್ಲೇ ಹಾಡಬೇಕು. ನಾನು ಹೇಳಲು ಬಂದಿರುವುದು ಇಷ್ಟೇ. ನಮ್ಮ ಬೆಂಗಳೂರಿನಲ್ಲಿ ಸಂಸ್ಮರಣೆ ಕಾರ್ಯಕ್ರಮಗಳಿಗೇನೂ ಬರವಿಲ್ಲ. ಆದರೆ ದೀಪ ಬೆಳಗಿಸಿ, ಫೋಟೊಗೆ ಹಾರ ಹಾಕಿ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ತಂಬೂರಿ ಶ್ರುತಿ ಸೇರಿಸುವ ಹೊತ್ತಿಗೆ ಸಭಿಕರು ಉಪ್ಪಿಟ್ಟು, ಕೇಸರಿಬಾತಿನ ಕಡೆ ಹೊರಟಿರುತ್ತಾರೆ!

ಗಾಯಕಿ ಬೆಂಗಳೂರು ನಾಗರತ್ನಮ್ಮನವರ ವಿಷಯ ಹೇಳದೆ ನನಗೆ ಮುಂದೆ ಹೋಗಲಾಗದು. ಕರ್ನಾಟಕ ಸಂಗೀತದ ಕೃತಿಕಾರ ತ್ಯಾಗರಾಜರು ತೀರಿಕೊಂಡಿದ್ದು 1847ರಲ್ಲಿ, ಈ ತಾಯಿ ಹುಟ್ಟಿದ್ದು 1878ರಲ್ಲಿ. ಮುಖ ಕಂಡವರಲ್ಲ. ಆದರೂ ಈಕೆಗೆ ಗುರು ಅಂದರೆ ಅವರೇ. ತಿರುವೈಯಾರಿನಲ್ಲಿ ಕಾವೇರಿ ದಡದ ಅವರ ಸಮಾಧಿ ಪಾಳುಬಿದ್ದಿದೆ ಎಂದು ತಿಳಿದದ್ದೇ, ಹಾಡಿ ದುಡಿದ ದುಡ್ಡನ್ನೆಲ್ಲ ಅಲ್ಲಿಗೆ ಸುರಿದರು. ಗುಡಿ ಎದ್ದಿತು, 1925ರಲ್ಲಿ ಪ್ರತಿಷ್ಠೆಯೂ ಆಯಿತು. ಕಟ್ಟಿಸಿದಾಕೆಗೇ ಅಲ್ಲಿ ವರ್ಷಕ್ಕೊಮ್ಮೆ ತ್ಯಾಗರಾಜರ ನೆನಪಿಗೆ ನಡೆಯುವ ಆರಾಧನೆಯಲ್ಲಿ ಹಾಡಲು ಬಿಡಲಿಲ್ಲ! ಹೆಂಗಸರು ಅಲ್ಲಿ ಹಾಡುವ ಹಾಗಿಲ್ಲವಂತೆ. ಅದರಲ್ಲೂ ಈಕೆ ದೇವದಾಸಿ ಮನೆತನದವರು. ಜಗಳ ಆಡಿದರು, ಸುಮ್ಮನೆ ಬಿಡಲಿಲ್ಲ. ಜಗಳ ಮುಗಿಯಲಿ, ಆಮೇಲೆ ಹಾಡೋಣ ಎಂದು ಮಾತ್ರ ಕೂರಲಿಲ್ಲ, ನೋಡಿ. ಹೆಂಗಸರನ್ನೇ ಸೇರಿಸಿಕೊಂಡು ಗುಡಿಯ ಹಿಂಭಾಗದಲ್ಲಿ ಕೂತು ಹಾಡಿದರು. ವರ್ಷ ವರ್ಷವೂ ಹಾಡಿದರು. 1940ರ ದಶಕದ ಆರಂಭದಲ್ಲಿ ಆರಾಧನೆಯನ್ನು ಬೇರೆ ಬೇರೆಯಾಗಿ ನಡೆಸುತ್ತಿದ್ದ ಬಣಗಳೆಲ್ಲ ಒಂದಾದವು, ಹೆಂಗಸರೂ ಎಲ್ಲರ ಜೊತೆ ಕೂತರು. 1952ರಲ್ಲಿ ನಾಗರತ್ನಮ್ಮ ಹೋದರು. ಅವರ ಸಮಾಧಿ ಇರುವುದು ತ್ಯಾಗರಾಜರ ಎದುರಿಗೇ.

ಕೊಟ್ಟ ಸಮಯವೆಲ್ಲ ಅವರಿಗೇ ಹೋಯಿತು, ಹೋಗಲಿ. ಕೃತಿಕಾರ ಮೈಸೂರು ವಾಸುದೇವಾಚಾರ್ಯರ ಬಗ್ಗೆ ಎರಡೇ ಮಾತು. ಅವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ಗುರುಪರಂಪರೆಯನ್ನು ತ್ಯಾಗರಾಜರಿಂದ ಲೆಕ್ಕ ಹಾಕಿದರೆ ನಾಲ್ಕನೆಯ ತಲೆ. ಆ ಮೂಲಗುರುವಿನ ಮೇಲೆ ಕಲ್ಯಾಣಿ ರಾಗದಲ್ಲಿ ಕೃತಿ ಮಾಡಿ ಹಾಡಿದರು.

ಕೃತಿ ಮಾಡುವಷ್ಟು ವಿದ್ವತ್ತು ನಮಗಿಲ್ಲವಲ್ಲ ಅನ್ನುತ್ತೀರಾ? ಮಾಡಿ ಅಂದವರು ಯಾರು? ನಿಮ್ಮ ಮೇಷ್ಟ್ರು ಹೇಳಿಕೊಟ್ಟ ಮೊದಲ ವರ್ಣ, ಆ ಅಭ್ಯಾಸದ ರಚನೆ, ನೆನಪಿದೆಯಲ್ಲ, ಅದನ್ನೇ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ಹಾಡಿ. ಯೂಟ್ಯೂಬಿನಲ್ಲಿ ಕೇಳಿದ ಸಂಗತಿಗಳನ್ನು, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಹಾಡುವುದನ್ನು, ದಯವಿಟ್ಟು ಅದರೊಳಗೆ ತುರುಕಬೇಡಿ. ತ್ಯಾಗರಾಜರ ಪುಣ್ಯತಿಥಿಯಾದ ಪುಷ್ಯ ಬಹುಳ ಪಂಚಮಿಗೆ ನಿಮ್ಮ ಬಡಾವಣೆಯಲ್ಲೂ ಅವರ ಐದು ಪಂಚರತ್ನ ಕೃತಿಗಳನ್ನು ಒಟ್ಟಿಗೆ ಹಾಡುವ ಗೋಷ್ಠಿ ಇದ್ದೇ ಇರುತ್ತದೆ. ಸ್ವಾಗತ ಭಾಷಣಕ್ಕೆ ಕರೆದರೆ ಆಗುವುದಿಲ್ಲ ಅನ್ನಿ, ಮೊದಲ ಕೃತಿಯ ನಾಟ ರಾಗದಿಂದ ಹಾಡು ಶುರುಮಾಡಿ. ನಮಸ್ಕಾರ.