ಲೆಕ್ಕ ಒಪ್ಪಿಸಿ ಇಳಿಯುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ನೆದರ್ಲೆಂಡ್ಸ್‌ನಲ್ಲಿ ವಿದ್ಯಾರ್ಥಿ ಸಂಘಗಳಿಗೆ ದೊಡ್ಡ ಚರಿತ್ರೆಯೇ ಇದೆ. ಗ್ರೋನಿಂಗನ್ ಊರಿನ ವಿಂಡಿಕಾಟ್ ಸಂಘ ಶುರುವಾದದ್ದು 1815ರಲ್ಲಿ. ಡೆಲ್ಫ್ಟ್‌ನ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳ ಸಂಘ 1906ರದ್ದು. ಇಂಥ ಸಂಘಗಳನ್ನು ನಡೆಸುವವರು ವಿದ್ಯಾರ್ಥಿಗಳೇ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಂತ ಕೆಲವರು ಸೇರಿ ಒಂದು ವರ್ಷದ ಮಟ್ಟಿಗೆ ಹೊಣೆ ಹೊರುತ್ತಾರೆ. ಎಷ್ಟೋ ಜನ ಆ ವರ್ಷ ಓದನ್ನೇ ಬದಿಗಿಡುತ್ತಾರೆ. ಸಂಬಳವಿಲ್ಲ. ಆದರೆ ಇಂಥವರಿಗೆ ವಿಶ್ವವಿದ್ಯಾಲಯ ಸ್ವಲ್ಪ ಹಣದ ನೆರವು ಕೊಡಲು ಕಾನೂನಿನಲ್ಲೇ ಅವಕಾಶವಿದೆ. ನನಗೆ ಇದು ತುಂಬ ಹಿಡಿಸಿತು.

ಹೊಸ ಮಂಡಳಿ ಬಂದಾಗ ಒಂದು ಸಂತೋಷಕೂಟ ಇರುತ್ತದೆ. ಎಲ್ಲರೂ ಅದನ್ನು 'ಕೋಬೊ' ಅನ್ನುತ್ತಾರೆ. ಹೊಸಬರು ಸೂಟು ಹಾಕಿ ಸಾಲಾಗಿ ನಿಲ್ಲುತ್ತಾರೆ. ಬೇರೆ ಸಂಘಗಳ ಮಂಡಳಿಗಳು ಸರದಿಯಲ್ಲಿ ಬಂದು, ಒಬ್ಬೊಬ್ಬರ ಕೈ ಕುಲುಕಿ, ಉಡುಗೊರೆ ಕೊಟ್ಟು, ಅತಿಥಿ ಪುಸ್ತಕದಲ್ಲಿ ಬರೆದು ಹೋಗುತ್ತವೆ. ಇಷ್ಟೇ ಆದ್ರೆ ಬರೀ ಔಪಚಾರಿಕ, ಅಲ್ವಾ? ಆದರೆ ಅದೇ ಹೊತ್ತಿಗೆ ಅತಿಥಿಗಳು ಆತಿಥೇಯರ ಬಾವುಟವನ್ನೋ ಸಭೆಯ ಸುತ್ತಿಗೆಯನ್ನೋ ಮೆಲ್ಲಗೆ ಎಗರಿಸಲು ನೋಡುತ್ತಿರುತ್ತಾರೆ. ಈ ಆಟಕ್ಕೆ 'ಬ್ರಾಸೆನ್' ಅಂತ ಹೆಸರು. ಏನನ್ನೂ ಹಾಳು ಮಾಡಬಾರದು, ಕದ್ದದ್ದನ್ನು ವಾಪಸ್ ಕೊಡಬೇಕು. ಬಿಡಿಸಿಕೊಳ್ಳಬೇಕಾದರೆ ಕಳೆದುಕೊಂಡವರು ಏನಾದರೂ ಕೆಲಸ ಮಾಡಿಕೊಡಬೇಕು. ಹೀಗೆ ಬಾವುಟ ಕೇಳಲು ಹೋದವರು ಗೆಳೆಯರಾಗಿ ಬಿಡುತ್ತಾರೆ. ಮುಂದೆ ಇಬ್ಬರೂ ಸೇರಿ ಕಾರ್ಯಕ್ರಮ ಮಾಡುವಾಗ ಪರಿಚಯ ಆಗಲೇ ಆಗಿರುತ್ತದೆ.

ಎಲ್ಲವೂ ಚೆಂದ ಅಂತ ನಾನು ಹೇಳಲಾರೆ. ಕೆಲವು ಹಳೆಯ ಸಂಘಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ನೆಪದಲ್ಲಿ ಹಿಂಸೆ ನಡೆದಿದೆ, ಹುಡುಗರಿಗೆ ಗಾಯಗಳಾಗಿವೆ. ಅದನ್ನು ಸಂಪ್ರದಾಯ ಅಂತ ಒಪ್ಪಲು ನನ್ನಿಂದಾಗದು.

ನನಗೆ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆಯಾದದ್ದು ಸರ್ವಸದಸ್ಯರ ಸಭೆ. ಮಂಡಳಿಯಲ್ಲಿಲ್ಲದ ಕನಿಷ್ಠ ಇಬ್ಬರು ಸದಸ್ಯರು ಖಜಾಂಚಿಯ ಲೆಕ್ಕಪತ್ರವನ್ನು ಪರಿಶೀಲಿಸುತ್ತಾರೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ಈ ಖರ್ಚು ಯಾಕಾಯ್ತು ಅಂತ ಕೇಳಬಹುದು. ಉತ್ತರ ಕೊಡಲೇಬೇಕು. ಸದಸ್ಯರು ಒಪ್ಪಿ ಮತ ಹಾಕಿದ ಮೇಲೇ ಹಳೆಯ ಮಂಡಳಿಗೆ ಹೊಣೆಯಿಂದ ಬಿಡುಗಡೆ.

ಈಗ ನಮ್ಮ ಮಕ್ಕಳೂ ಡೆಲ್ಫ್ಟ್, ಐಂಡ್‌ಹೋವನ್ ಕಡೆ ಎಂ.ಎಸ್. ಓದಲು ಹೋಗುತ್ತಿದ್ದಾರೆ. ಅವರಿಗೆ ಒಂದು ಮಾತು. ಸಂಜೆ 'ಬೊರೆಲ್' ಇದೆ, ಅಂದರೆ ಏನಾದರೂ ಕುಡಿಯುತ್ತ ಹರಟುವ ಕೂಟ ಇದೆ, ಅಂತ ಕರೆದರೆ ಹೋಗಿ. ಬಿಯರ್ ಬೇಡವಾದರೆ ಜ್ಯೂಸ್ ಕುಡಿಯಿರಿ. ನಮ್ಮ ಬೋಂಡಾದಂತೆ ದುಂಡಗಿರುವ ಬಿಟರ್‌ಬಾಲೆನ್ ತಟ್ಟೆ ಬರುತ್ತದೆ. ಒಳಗೆ ಸಾಮಾನ್ಯವಾಗಿ ದನದ ಮಾಂಸ ಇರುತ್ತದೆ, ಬೇಡದವರು ಮೊದಲೇ ಕೇಳಿಕೊಳ್ಳಿ. ಮುಂದಿನ ವರ್ಷದ ಮಂಡಳಿಗೆ ಯಾರು ನಿಲ್ಲುತ್ತಾರೆ ಅನ್ನೋ ಮಾತು ಅಲ್ಲೇ ಶುರುವಾಗೋದು. ನೀವೂ ನಿಲ್ಲಬಹುದು.

ನಮಸ್ಕಾರ.